ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯ: ಚರಿತ್ರೆ ಮತ್ತು ವಾಸ್ತು

ಕೆಲವು ವರ್ಷಗಳ ಹಿಂದೆ ಈ ಲೇಖಕನು ಹಾಸನ ಜಿಲ್ಲೆಯ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯಾಗಿದ್ದ ಕಾಲದಲ್ಲಿ, ವೃದ್ಧ ರೈತರೊಬ್ಬರು ತಮ್ಮ ಖಾತೆಯ ಸಂಬಂಧವಾಗಿ ವಯಸ್ಸಿನ ರುಜುವಾತನ್ನು ತಂದು ಮೇಜಿನ ಮೇಲಿಟ್ಟರು. ಅದು ಶಾಲೆಯ ದಾಖಲೆಯೂ ಅಲ್ಲ, ಪುರಸಭೆಯ ಕಾಗದವೂ ಅಲ್ಲ. ಅದೊಂದು ಜ್ಞಾನಸ್ನಾನದ ಪತ್ರ. ಹುಟ್ಟಿದ ದಿನ, ಸ್ನಾನವಾದ ದಿನ, ತಂದೆತಾಯಿಗಳ ಹೆಸರು, ಜ್ಞಾನ ತಂದೆತಾಯಿಗಳ ಹೆಸರು ಎಲ್ಲವೂ ಹಳೆಯ ಪುಸ್ತಕದಿಂದ ಶುದ್ಧವಾಗಿ ನಕಲಾಗಿದ್ದುವು. ಸ್ಥಳವೆಂಬ ಕಡೆ ‘ಶೆಟ್ಟಿಹಳ್ಳಿ’ ಎಂದಿತ್ತು. ಊರು ಯಾವ ದಾರಿಯಲ್ಲಿದೆಯೆಂದು ವಿಚಾರಿಸಿದೆ. “ಹಳೇ ಊರು ನೀರಿನೊಳಗೈತೆ ಸಾರ್. ದೇವಸ್ಥಾನದ ಗೋಡೆ ಮಾತ್ರ ಬೇಸಿಗೇಲಿ ಕಾಣ್ತದೆ” ಎಂದು ಅವರು ಹೇಳಿ, ಪತ್ರವನ್ನು ಮಡಿಸಿ ಜೋಪಾನವಾಗಿ ಚೀಲದೊಳಗಿಟ್ಟುಕೊಂಡು ಹೊರಟುಹೋದರು.

ಮುಂದಿನ ಮಾರ್ಚ್ ತಿಂಗಳ ಒಂದು ಭಾನುವಾರ ಆ ಗೋಡೆಗಳನ್ನು ನೋಡುವ ಅವಕಾಶವೊದಗಿತು. ಆಮೇಲೆ ಹಲವು ಬೇಸಿಗೆಗಳಲ್ಲಿ ಹೋಗಿ ಬಂದದ್ದುಂಟು. ಇಂದು ಈ ಕಟ್ಟಡವನ್ನು ‘ಮುಳುಗಿದ ಚರ್ಚು’, ‘ತೇಲುವ ಚರ್ಚು’ ಎಂಬ ಹೆಸರುಗಳಿಂದ ಎಲ್ಲರೂ ಬಲ್ಲರು. ನೀರಿನ ನಡುವೆ ನಿಂತ ಅದರ ಚಿತ್ರಗಳನ್ನು ಕಾಣದವರು ವಿರಳ. ಆದರೆ ನೀರು ಬರುವುದಕ್ಕೆ ಮುಂಚೆ ಅದು ಏನಾಗಿತ್ತು, ಯಾರಿಗಾಗಿ ಎದ್ದಿತು, ಯಾವ ರೀತಿಯಿಂದ ನಿಂತಿತು, ಈಗ ಯಾವ ಕಾರಣದಿಂದ ಬೀಳುತ್ತಿದೆ ಎಂಬ ಪ್ರಶ್ನೆಗಳು ಚಿತ್ರಗಳ ಸೊಬಗಿನಲ್ಲಿ ಮರೆಯಾಗಿವೆ. ಶೆಟ್ಟಿಹಳ್ಳಿಯ ದೇವಾಲಯವನ್ನು ಒಂದು ಹಳ್ಳಿಯ ಕಟ್ಟಡವೆಂದು ತಿಳಿದು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

೧. ಹಿನ್ನೆಲೆ

ಶೆಟ್ಟಿಹಳ್ಳಿಯು ಹಾಸನದಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿ, ಹೇಮಾವತಿಯ ದಡದಲ್ಲಿದೆ. ಬೇಲೂರು ಹಳೇಬೀಡುಗಳ ಶಿಲ್ಪವನ್ನು ನೋಡಲು ದೇಶವಿದೇಶಗಳಿಂದ ಜನರು ಬರುವ ಈ ಜಿಲ್ಲೆಯಲ್ಲಿ, ಕನ್ನಡವನ್ನೇ ಮನೆಮಾತಾಗಿ ಉಳ್ಳ ಬೇಸಾಯಗಾರ ಕಥೋಲಿಕ ಕುಟುಂಬಗಳ ಹಳ್ಳಿಗಳೂ ಇವೆಯೆಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಕಥೋಲಿಕರೆಂದೊಡನೆ ಮಂಗಳೂರು, ಗೋವೆ, ಮುಂಬಯಿಗಳನ್ನು ನೆನೆಯುವುದು ನಮ್ಮ ರೂಢಿ. ಕರಾವಳಿಯ ಕೊಂಕಣಿ ಮಾತಿನ ಸಮುದಾಯದ ಚರಿತ್ರೆ ಬೇರೆ, ಮೈಸೂರು ಸೀಮೆಯ ಕನ್ನಡ ಕ್ರೈಸ್ತರ ಚರಿತ್ರೆ ಬೇರೆ.

ಮೈಸೂರು ಸೀಮೆಯಲ್ಲಿ ಯೇಸುಸಭೆಯ ಪಾದ್ರಿಗಳ ಕಾರ್ಯವು ೧೭ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಮೊದಲಾಯಿತು. ೧೭೭೩ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದುಗೊಳಿಸಿದ ಮೇಲೆ, ದಕ್ಷಿಣದ ಈ ಕ್ಷೇತ್ರದ ಹೊಣೆಯು ಪುದುಚೇರಿಯನ್ನು ನೆಲೆಯಾಗಿ ಉಳ್ಳ ಫ್ರೆಂಚ್ ಗುರುಗಳಿಗೆ ಬಂದಿತು. ಇವರು ೧೭ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ವಿದೇಶ ಮಿಶನ್ ಸಂಸ್ಥೆಗೆ ಸೇರಿದವರು. ಅಂದಿನಿಂದ ಸುಮಾರು ಒಂದೂವರೆ ಶತಮಾನದ ಕಾಲ ಮೈಸೂರು ಸೀಮೆಯ ಕಥೋಲಿಕ ದೇವಾಲಯಗಳ ಮೇಲೆ ಫ್ರಾನ್ಸ್ ದೇಶದ ಮುದ್ರೆ ಬಿದ್ದಿರುವುದಕ್ಕೆ ಇದೇ ಕಾರಣ.

ಈ ಗುರುಗಳಲ್ಲಿ ವಾಚಕರಿಗೆ ಪರಿಚಿತರಾದವರು ಅಬ್ಬೆ ದುಬೊಯ್. ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತು ಅವರ ಹೆಸರಿನಲ್ಲಿ ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಗ್ರಂಥವು ಒಂದು ಶತಮಾನ ಕಾಲ ಆಂಗ್ಲ ಅಧಿಕಾರಿಗಳ ಕೈಪಿಡಿಯಂತಿತ್ತು. ಅದರ ಬಹುಭಾಗಕ್ಕೆ ಹಿಂದಿನ ಯೇಸುಸಭೆಯ ವಿದ್ವಾಂಸ ಕೇರ್ದೂ ಅವರ ಬರಹವೇ ಮೂಲವೆಂದು ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ ೧೯೮೭ರಲ್ಲಿ ತೋರಿಸಿಕೊಟ್ಟಿದ್ದಾರೆ. ಗ್ರಂಥದ ಮಾತು ಹೇಗೇ ಇರಲಿ, ನಮ್ಮ ಪ್ರಸಂಗಕ್ಕೆ ಬೇಕಾದುದು ದುಬೊಯ್ ಅವರ ಇನ್ನೊಂದು ಬಗೆಯ ದುಡಿಮೆ. ೧೭೯೨ರಲ್ಲಿ ಭಾರತಕ್ಕೆ ಬಂದ ಅವರು ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, ಯುದ್ಧಗಳಿಂದ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದರು. ೧೮೦೩-೦೪ರಲ್ಲಿ ಸಿಡುಬಿಗೆ ಲಸಿಕೆ ಹಾಕುವ ಹೊಸ ವಿಧಾನವನ್ನು ಕೈಗೊಂಡು ೨೫ ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದರು. ನೆಲೆತಪ್ಪಿದ ಬಡವರಿಗೆ ಭೂಮಿಯಲ್ಲಿ ನೆಲೆ ಕಲ್ಪಿಸಲು ಬೇಸಾಯದ ವಸತಿಗಳನ್ನು ಏರ್ಪಡಿಸಿದರು. ಹಾಸನದ ಸುತ್ತಣ ಕ್ರೈಸ್ತ ಹಳ್ಳಿಗಳು ತಮ್ಮ ಮೂಲವನ್ನು ಈ ಪ್ರಯತ್ನದೊಂದಿಗೆ ಕೂಡಿಸಿಕೊಂಡು ಹೇಳುವುದು ವಾಡಿಕೆ.

೨. ಕಟ್ಟಿದ ಕಾಲ

ಇಲ್ಲಿಯೇ ಒಂದು ತಪ್ಪನ್ನು ತಿದ್ದಿಕೊಳ್ಳಬೇಕಾಗಿದೆ. ಶೆಟ್ಟಿಹಳ್ಳಿಯ ದೇವಾಲಯವನ್ನು ಅಬ್ಬೆ ದುಬೊಯ್ ಕಟ್ಟಿಸಿದರೆಂದೂ, ಅದು ೧೮೬೦ರ ಸುಮಾರಿಗೆ ಎದ್ದಿತೆಂದೂ ಒಂದೇ ಉಸಿರಿನಲ್ಲಿ ಹೇಳುವವರು ಬಹಳ ಮಂದಿ. ಈ ಎರಡು ಮಾತುಗಳು ಒಂದರ ಪಕ್ಕದಲ್ಲೊಂದು ನಿಲ್ಲಲಾರವು. ದುಬೊಯ್ ೧೮೨೩ರಲ್ಲಿಯೇ ಭಾರತವನ್ನು ಬಿಟ್ಟು ಹೋದರು. ೧೮೪೮ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಜಮಾಖರ್ಚಿನ ಪುಸ್ತಕದಲ್ಲಿ ತಾರೀಖು ತಾಳೆಯಾಗದ ನಮೂದನ್ನು ಹೇಗೆ ಒಪ್ಪಲಾಗದೋ ಹಾಗೆಯೇ ಇದನ್ನೂ ಒಪ್ಪಲಾಗದು. ಅವರ ಕಾಲದಲ್ಲಿ ಹಳ್ಳಿಯು ನೆಲೆಗೊಂಡು, ಪೂಜೆಗೆ ಸಾಧಾರಣವಾದ ಒಂದು ಮನೆ ಎದ್ದಿದ್ದರೆ ಆಶ್ಚರ್ಯವಿಲ್ಲ. ಆದರೆ ಇಂದು ಗೋಡೆಗಳನ್ನು ಉಳಿಸಿಕೊಂಡಿರುವ ಕಟ್ಟಡವು ಅವರಿಗಿಂತ ಒಂದು ತಲೆಮಾರು ಈಚಿನದು.

೧೮೬೦ರ ಸುಮಾರು ಎಂಬ ಕಾಲವು ಬೇರೆ ರೀತಿಯಿಂದಲೂ ಒಪ್ಪುವಂಥದು. ೧೮೫೦ರಲ್ಲಿ ಮೈಸೂರು ಸೀಮೆಯು ಪ್ರತ್ಯೇಕ ಧರ್ಮಪ್ರಾಂತವಾಗಿ, ಬಿಷಪ್ ಶಾರ್ಬೊನೊ ಅದರ ಮೊದಲನೆಯ ಅಧಿಪತಿಯಾದರು, ೧೮೭೩ರವರೆಗೆ ಇದ್ದರು. ಅವರ ಕಾಲವು ಕಟ್ಟಡಗಳ ಕಾಲವಾಗಿದ್ದಂತೆ ಅಕ್ಷರಗಳ ಕಾಲವೂ ಆಗಿತ್ತು. ಬೆಂಗಳೂರಿನ ಮಿಶನ್ ಮುದ್ರಣಾಲಯದಿಂದ ೧೮೫೫ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟು, ೧೮೬೧ರಲ್ಲಿ ಶಾರ್ಬೊನೊ ಅವರದೇ ಲ್ಯಾಟಿನ್-ಕನ್ನಡ ನಿಘಂಟು ಹೊರಬಿದ್ದುವು. ಕಿಟ್ಟೆಲರ ಮಹಾನಿಘಂಟು ಬಂದದ್ದು ೧೮೯೪ರಲ್ಲಿ. ಹೀಗಿರುವಲ್ಲಿ, ಶೆಟ್ಟಿಹಳ್ಳಿಯ ಗೋಡೆಗಳು ಮೇಲೇಳುತ್ತಿದ್ದ ಕಾಲದಲ್ಲಿ ಅದೇ ಸಂಸ್ಥೆಯ ಗುರುಗಳು ಬೆಂಗಳೂರಿನಲ್ಲಿ ಕನ್ನಡ ಪದಗಳಿಗೆ ಲ್ಯಾಟಿನ್ ಅರ್ಥಗಳನ್ನು ಜೋಡಿಸುತ್ತಿದ್ದರೆಂಬುದನ್ನು ನಾವು ಮರೆಯಬಾರದು. ಹಳ್ಳಿಗೆ ಬಂದ ಗುರುವು ಜನರ ಮಾತನ್ನು ಕಲಿತೇ ಬರುತ್ತಿದ್ದನು.

ಅಂದಿನ ಸಾಗಣೆಯ ಸ್ಥಿತಿಯನ್ನೂ ನೆನೆಯಬೇಕು. ಮದರಾಸಿನಿಂದ ಬೆಂಗಳೂರಿಗೆ ರೈಲು ಬಂದದ್ದು ೧೮೬೪ರಲ್ಲಿ. ಹಾಸನಕ್ಕೆ ಬಂದದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ. ಹೊರಗಿನಿಂದ ತರಬೇಕಾದ ಯಾವ ವಸ್ತುವೇ ಆಗಲಿ, ಎತ್ತಿನ ಗಾಡಿಯ ಮೇಲೆ ದಿನಗಟ್ಟಲೆ ಪ್ರಯಾಣ ಮಾಡಿ ಬರಬೇಕಾಗಿತ್ತು. ಕಿಟಕಿಗಳಿಗೆ ಬೆಲ್ಜಿಯಮ್ಮಿನ ಬಣ್ಣದ ಗಾಜನ್ನು ತರಿಸಿದ್ದರೆಂಬ ಹೇಳಿಕೆಯುಂಟು. ಈಗ ಉಳಿದಿರುವುದು ಬರಿಯ ಕಿಟಕಿಯ ಬಾಯಿಗಳು. ಆದಕಾರಣ ಈ ಕಟ್ಟಡದ ಮೈಯನ್ನೆಲ್ಲ ಮಾಡಿದ್ದು ಸ್ಥಳದಲ್ಲಿ ಸಿಕ್ಕುವ ಮಣ್ಣು, ಸುಣ್ಣ, ಮರಗಳಿಂದ ಮತ್ತು ಸುತ್ತುಮುತ್ತಣ ಜನರ ಕೈಯಿಂದ ಎಂಬುದರಲ್ಲಿ ಸಂದೇಹವಿಲ್ಲ.

೩. ವಾಸ್ತುರೀತಿ

ದೇವಾಲಯದ ರೀತಿ ಗಾಥಿಕ್ ಎಂಬುದು. ಈ ರೀತಿಯು ಹುಟ್ಟಿದ್ದು ಪ್ಯಾರಿಸ್ಸಿನ ನೆರೆಯ ಸ್ಯಾಂ ದೆನಿಯ ಮಠದಲ್ಲಿ, ೧೧೪೦ರ ಸುಮಾರಿಗೆ. ಎಂದರೆ ಬೇಲೂರಿನಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಿಸಿದ ೧೧೧೭ಕ್ಕೆ ಒಂದೆರಡು ದಶಕಗಳ ಈಚೆ. ನಡುವೆ ಕೆಲವು ಶತಮಾನ ಹಿಂದೆ ಬಿದ್ದಿದ್ದ ಈ ಶೈಲಿಯು ೧೯ನೆಯ ಶತಮಾನದಲ್ಲಿ ಯೂರೋಪಿನಲ್ಲಿ ಮತ್ತೆ ತಲೆಯೆತ್ತಿತು. ೧೮೪೫ರಿಂದ ೧೮೬೪ರವರೆಗೆ ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾದೇವಾಲಯದ ಜೀರ್ಣೋದ್ಧಾರ ನಡೆಯಿತು. ಆ ಕಾಲದ ಫ್ರೆಂಚ್ ಗುರುವಿಗೆ ದೇವಾಲಯವೆಂದರೆ ಚೂಪು ಕಮಾನಿನ ಕಟ್ಟಡವೆಂಬ ಭಾವನೆ ಸಹಜವಾಗಿಯೇ ಇದ್ದಿತು. ಆ ಭಾವನೆಯನ್ನು ಅವನು ಹೇಮಾವತಿಯ ದಡಕ್ಕೆ ತಂದನು.

ಈ ರೀತಿಯ ಮರ್ಮವನ್ನು ತಿಳಿಯಬೇಕಾದರೆ ನಮ್ಮ ಗುಡಿಗಳೊಂದಿಗೆ ಹೋಲಿಸಿ ನೋಡುವುದು ಉಚಿತ. ಹೊಯ್ಸಳರ ಗುಡಿಯಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರವು ನೇರವಾಗಿ ಕೆಳಗಿಳಿಯುವುದು. ಒಂದು ಕಲ್ಲು ಎಷ್ಟು ಉದ್ದ ಸಿಕ್ಕುವುದೋ ಅಷ್ಟೇ ಕಂಬಗಳ ನಡುವಣ ಅಂತರ. ಆದಕಾರಣ ಮಂಟಪದ ತುಂಬ ಕಂಬಗಳು, ಒಳಗೆ ನಸುಗತ್ತಲೆ, ಗರ್ಭಗೃಹದಲ್ಲಿ ದೀಪದ ಬೆಳಕು. ಅಲ್ಲಿ ಕತ್ತಲೆಯೇ ಪೂಜೆಯ ಅಂಗ. ಕಮಾನಿನ ಕಟ್ಟಡದಲ್ಲಿಯೋ ಸಣ್ಣ ಇಟ್ಟಿಗೆಗಳು ಒಂದನ್ನೊಂದು ಒತ್ತಿ ಹಿಡಿದು ಅಗಲವಾದ ತೆರಪನ್ನು ದಾಟುವುವು. ಆದರೆ ಒತ್ತಡವು ಕೆಳಕ್ಕೆ ಮಾತ್ರವಲ್ಲದೆ ಪಕ್ಕಕ್ಕೂ ಹೋಗುವುದು; ಕಮಾನು ತನ್ನ ಕಾಲುಗಳನ್ನು ಹೊರಕ್ಕೆ ದೂಡುವುದು. ಅರ್ಧವೃತ್ತದ ಕಮಾನಿಗಿಂತ ಚೂಪು ಕಮಾನಿನಲ್ಲಿ ಈ ದೂಡುವಿಕೆ ಕಡಮೆ. ಎತ್ತರವನ್ನು ಅಗಲಕ್ಕೆ ಕಟ್ಟುಬೀಳದೆ ಹೆಚ್ಚಿಸಬಹುದು. ಉಳಿದ ದೂಡುವಿಕೆಯನ್ನು ತಡೆಯಲು ಗೋಡೆಯ ಹೊರಮೈಗೆ ಅಲ್ಲಲ್ಲಿ ಆಸರೆಗಂಬಗಳನ್ನು ಕಟ್ಟುವರು. ಹೀಗೆ ಭಾರವೆಲ್ಲವೂ ಕೆಲವೇ ಸ್ಥಳಗಳಲ್ಲಿ ಕೂಡುವುದರಿಂದ ನಡುವಣ ಗೋಡೆಯನ್ನು ಧಾರಾಳವಾಗಿ ತೆರೆದು ಎತ್ತರದ ಕಿಟಕಿಗಳನ್ನಿಡಬಹುದು. ಗಾಥಿಕ್ ದೇವಾಲಯದಲ್ಲಿ ಬೆಳಕೇ ಪೂಜೆಯ ಅಂಗ.

ಶೆಟ್ಟಿಹಳ್ಳಿಯ ಗೋಡೆಗಳಲ್ಲಿ ಈ ತತ್ತ್ವವನ್ನು ಪಾಠದಂತೆ ಓದಬಹುದು. ಛಾವಣಿ ಪೂರ್ತಿಯಾಗಿ ಹೋಗಿರುವುದರಿಂದ ಕಟ್ಟಡದ ಅಸ್ಥಿಪಂಜರವು ಬಯಲಾಗಿದೆ. ಉದ್ದನೆಯ ನಡುಮಂಟಪ, ಅದರ ಎರಡು ಕಡೆಯೂ ಚೂಪು ಕಮಾನುಗಳ ಸಾಲು, ನೀಳವಾದ ಕಿಟಕಿಯ ತೆರಪುಗಳು, ಕೊನೆಯಲ್ಲಿ ಬಲಿಪೀಠವಿದ್ದ ಸ್ಥಳವನ್ನು ಬಳಸಿ ಬರುವ ಬಾಗಿದ ಗೋಡೆ. ಈ ಬಾಗಿದ ಹಿಂಬದಿಯನ್ನು ಕಂಡಾಗ ಕನ್ನಡಿಗನಿಗೆ ಐಹೊಳೆಯ ದುರ್ಗದ ಗುಡಿಯ ನೆನಪಾಗುವುದು ಸಹಜ. ಆನೆಯ ಬೆನ್ನಿನಂತೆ ದುಂಡಾದುದರಿಂದ ನಮ್ಮ ಶಾಸ್ತ್ರಕಾರರು ಗಜಪೃಷ್ಠವೆಂದು ಕರೆದ ವಿನ್ಯಾಸಕ್ಕೂ, ಕ್ರೈಸ್ತ ದೇವಾಲಯದ ಈ ಭಾಗಕ್ಕೂ ಐತಿಹಾಸಿಕ ಸಂಬಂಧವೇನೂ ಇಲ್ಲ. ಆದರೂ ಪೂಜ್ಯವಾದ ಸ್ಥಳವನ್ನು ಮೂಲೆಗಳಿಲ್ಲದ ಗೋಡೆಯಿಂದ ಸುತ್ತುವರಿಯಬೇಕೆಂಬ ಒಂದೇ ಬಯಕೆಯು ಎರಡು ಕಡೆಯೂ ಕೆಲಸಮಾಡಿದೆ.

ಗೋಡೆಗಳ ಮೇಲೆ ನಿಂತಿರುವ ಕಿರುಗೋಪುರಗಳನ್ನು ಬರಿಯ ಅಲಂಕಾರವೆಂದು ಭಾವಿಸಬಾರದು. ಹೊರಕ್ಕೆ ದೂಡುವ ಬಲವು ಆಸರೆಗಂಬವನ್ನು ಉರುಳಿಸದಂತೆ, ಅದರ ತಲೆಯ ಮೇಲೆ ಭಾರವನ್ನು ಹೇರುವುದು ಗಾಥಿಕ್ ಶಿಲ್ಪಿಗಳ ಹಳೆಯ ಉಪಾಯ. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತವಳ ನಡೆ ನೆಟ್ಟಗಿರುವಂತೆ, ಮೇಲಿನ ಭಾರದಿಂದ ಕಂಬದ ನಿಲುವು ಬಿಗಿಯಾಗುವುದು.

ಇನ್ನೊಂದು ವಿಷಯವನ್ನು ವಿಶೇಷವಾಗಿ ಗಮನಿಸತಕ್ಕದ್ದು. ರೂಪವು ಫ್ರಾನ್ಸಿನದಾದರೂ ಈ ಕಸುಬು ನಮ್ಮ ನಾಡಿಗೆ ಹೊಸದಾಗಿರಲಿಲ್ಲ. ೧೩೬೭ರ ಕಲಬುರ್ಗಿಯ ಜಾಮಿ ಮಸೀದಿಯಲ್ಲಿ, ಬಿಜಾಪುರದ ಆದಿಲಶಾಹಿ ಕಟ್ಟಡಗಳಲ್ಲಿ ಚೂಪು ಕಮಾನು ಪೂರ್ಣ ವೈಭವದಿಂದ ಕಾಣುವುದು. ಮೈಸೂರು ಸೀಮೆಯಲ್ಲಿಯೇ ಹೈದರ್-ಟಿಪ್ಪೂ ಕಾಲದ ಶ್ರೀರಂಗಪಟ್ಟಣದ ಮಸೀದಿ, ಗುಂಬಜ್ ಮೊದಲಾದವು ಇಟ್ಟಿಗೆ-ಗಾರೆ ಕೆಲಸದ ಪರಿಣತಿಗೆ ಸಾಕ್ಷಿ. ಮಸೀದಿಯ ಮಿನಾರು, ಗುಡಿಯ ಗೋಪುರ, ಸಾಹುಕಾರನ ಮನೆಯ ಚಾವಡಿಗಳನ್ನು ಕಟ್ಟುತ್ತಿದ್ದ ಗಾರೆಯವರ ಪರಂಪರೆಯೇ ಈ ದೇವಾಲಯಕ್ಕೂ ಒದಗಿತೆಂದು ಊಹಿಸಲಡ್ಡಿಯಿಲ್ಲ. ಗುರುವು ನಕ್ಷೆಯನ್ನು ತೋರಿಸಿರಬಹುದು. ಕಮಾನಿನ ಅಡಿಗೆ ಮರದ ಚೌಕಟ್ಟನ್ನು ಕೊಟ್ಟು, ಇಟ್ಟಿಗೆಯನ್ನು ಜೋಡಿಸಿ, ಗಾರೆಯು ಬಿಗಿದ ಮೇಲೆ ಚೌಕಟ್ಟನ್ನು ತೆಗೆಯುವ ಕೆಲಸವನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮೈಸೂರಿನ ಸಂತ ಫಿಲೋಮಿನಾ ಮಹಾದೇವಾಲಯಕ್ಕೆ ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವನ್ನು ಹಾಕಿದರು. ಅದರ ಜೋಡಿ ಗೋಪುರಗಳು ಊರಿಗೆಲ್ಲ ಕಾಣುವುವು. ಶೆಟ್ಟಿಹಳ್ಳಿಯದು ಅದಕ್ಕೆ ಮುಕ್ಕಾಲು ಶತಮಾನ ಹಿಂದಿನದು. ಅದಕ್ಕೆ ಅಂತಹ ರಾಜಾಶ್ರಯವಿರಲಿಲ್ಲ. ರಾಗಿ ಬೆಳೆದು ಬದುಕುವ ಜನರ ನಡುವೆ ಇಷ್ಟು ಎತ್ತರದ ಗೋಡೆಗಳು ಎದ್ದುವೆಂಬುದೇ ಅದರ ಹೆಚ್ಚಳ.

೪. ಗಾರೆಯ ಗುಣ

ಗಿಲಾವು ಉದುರಿದ ಕಡೆಗಳಲ್ಲಿ ಕೆಂಪು ಇಟ್ಟಿಗೆಯೂ ಅದರ ನಡುವಣ ಸುಣ್ಣದ ಗಾರೆಯೂ ಸ್ಪಷ್ಟವಾಗಿ ಕಾಣುವುವು. ಬೆಲ್ಲ ಮತ್ತು ಮೊಟ್ಟೆಗಳನ್ನು ಗಾರೆಗೆ ಬೆರೆಸಿದ್ದರಿಂದಲೇ ಕಟ್ಟಡವು ಇಷ್ಟು ಕಾಲ ನಿಂತಿತೆಂದು ಸುತ್ತಿನವರು ಹೇಳುವರು. ಇದನ್ನು ಕೇಳಿ ನಗುವವರುಂಟು, ಪವಾಡವೆಂದು ನಂಬುವವರೂ ಉಂಟು. ಎರಡೂ ಸಲ್ಲದು.

ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ಅನಿಲವು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುವುದು. ಅದಕ್ಕೆ ನೀರು ಹೊಯ್ದಾಗ ಕುದಿದು ಅರಳಿ ಅರಳುಸುಣ್ಣವಾಗುವುದು. ಗೋಡೆಯಲ್ಲಿ ಕೂತ ಮೇಲೆ ಅದು ಗಾಳಿಯಲ್ಲಿರುವ ಅದೇ ಅನಿಲವನ್ನು ವರ್ಷಗಟ್ಟಲೆ ಮೆಲ್ಲಮೆಲ್ಲಗೆ ಹೀರಿಕೊಂಡು ಮರಳಿ ಕಲ್ಲಾಗುವುದು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ, ಮೊಟ್ಟೆಯ ಬಿಳಿ ಮುಂತಾದವನ್ನು ಸೇರಿಸುವುದು ದಕ್ಷಿಣ ಭಾರತದ ಗಾರೆಯವರ ಹಳೆಯ ಪದ್ಧತಿ. ಇವುಗಳಿಂದ ಗಾರೆಯು ಹದವಾಗಿ ಕೈಗೆ ಒಗ್ಗುವುದು, ಬಿರುಕು ಕಡಮೆಯಾಗುವುದು, ನೀರು ಹೀರುವ ಗುಣ ತಗ್ಗುವುದು. ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಬೆರೆಸಿದರೆ ಗಾಳಿಯಿಲ್ಲದ ಕಡೆಯೂ, ತೇವದಲ್ಲಿಯೂ ಗಾರೆಯು ಗಟ್ಟಿಯಾಗುವುದು. ಕೆರೆಯ ತೂಬುಗಳನ್ನೂ ಕೋಡಿಗಳನ್ನೂ ನಮ್ಮ ಹಿರಿಯರು ಇಂತಹ ಗಾರೆಯಿಂದಲೇ ಕಟ್ಟಿದರು.

ಆದಕಾರಣ ಈ ಗೋಡೆಗಳು ನೀರಿನಲ್ಲಿ ನಾಲ್ಕು ದಶಕಗಳಿಗೂ ಮೀರಿ ನಿಂತುದು ಬೆಲ್ಲದ ಮಹಿಮೆಯಷ್ಟೇ ಅಲ್ಲ. ಸುಟ್ಟು, ಅರೆದು, ಕೊಳೆಯಹಾಕಿ, ಹದನೋಡಿ, ಅವಸರಪಡದೆ ಮಾಡಿದ ಕೆಲಸದ ಫಲ.

೫. ಜಲಾಶಯ

ಹೇಮಾವತಿಯು ಮೂಡಿಗೆರೆಯ ಕಡೆಯ ಮಲೆಗಳಲ್ಲಿ ಹುಟ್ಟಿ, ಹಾಸನ ಜಿಲ್ಲೆಯಲ್ಲಿ ಹರಿದು, ಕೃಷ್ಣರಾಜಸಾಗರದ ನೀರಿನಲ್ಲಿ ಕಾವೇರಿಯನ್ನು ಸೇರುವುದು. ಅದರ ದಡದ ಗೊರೂರು ಕನ್ನಡ ಓದುಗರಿಗೆ ಚಿರಪರಿಚಿತ. ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಬರೆದ ರಾಮಸ್ವಾಮಿ ಅಯ್ಯಂಗಾರ್ಯರ ಊರು. ಆ ಗೊರೂರಿನ ಬಳಿ ನದಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ಣವಾಯಿತು. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ ೨,೯೨೨ ಅಡಿ. ಅದರಲ್ಲಿ ಹಿಡಿಯುವ ನೀರು ಸುಮಾರು ೩೭ ಟಿ.ಎಂ.ಸಿ. ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳ ಒಣಭೂಮಿಗೆ ಇದರಿಂದಾದ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಬ್ಯಾಂಕಿನಲ್ಲಿ ಬೆಳೆಸಾಲದ ಕಾಗದಗಳನ್ನು ನೋಡಿದವನಿಗೆ ಕಾಲುವೆಯ ನೀರು ಮುಟ್ಟಿದ ಹೊಲಕ್ಕೂ ಮುಟ್ಟದ ಹೊಲಕ್ಕೂ ಇರುವ ಅಂತರವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಆ ನೀರಿನ ಬೆಲೆಯನ್ನು ತೆತ್ತವರು ಹಿನ್ನೀರಿನ ಹಳ್ಳಿಗಳವರು. ಶೆಟ್ಟಿಹಳ್ಳಿಯ ಕುಟುಂಬಗಳು ಮನೆಯನ್ನೂ ತೋಟವನ್ನೂ ದೇವಾಲಯವನ್ನೂ ಬಿಟ್ಟು ಎತ್ತರದ ಸ್ಥಳಗಳಿಗೆ ಹೋದರು.

ಜಪಸರ ಮಾತೆಯ ಹಬ್ಬವನ್ನು ಕಥೋಲಿಕರು ಅಕ್ಟೋಬರ್ ೭ರಂದು ಆಚರಿಸುವರು. ಆ ತಿಂಗಳೆಲ್ಲ ಮನೆಮನೆಗಳಲ್ಲಿ ಜಪಸರದ ಪ್ರಾರ್ಥನೆ ನಡೆಯುವುದು ವಾಡಿಕೆ. ಮುಂಗಾರಿನ ಮಳೆಯಿಂದ ಜಲಾಶಯವು ತುಂಬುವ ವರ್ಷಗಳಲ್ಲಿ, ಆಕೆಯ ಹೆಸರಿನ ದೇವಾಲಯವು ಹಬ್ಬದ ತಿಂಗಳಿನಲ್ಲಿಯೇ ನೀರಿನಲ್ಲಿ ನಿಂತಿರುವುದು. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿ ಸೀಳಿದ ಹೂಳಿನ ಮೇಲೆ ನಡೆದು ಬಲಿಪೀಠದ ಸ್ಥಳದವರೆಗೂ ಹೋಗಬಹುದು.

ಕೃಷ್ಣರಾಜಸಾಗರದ ಕೆಲಸವು ೧೯೧೧ರಲ್ಲಿ ಮೊದಲಾದ ಮೇಲೆ ಮುಳುಗಡೆಯಾದ ಕಣ್ಣಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿಯ ಮಾತು ಇಲ್ಲಿ ನೆನಪಾಗುವುದು. ಆ ಗುಡಿಯ ಕಲ್ಲುಗಳನ್ನು ಬಿಚ್ಚಿ, ಗುರುತುಹಾಕಿ, ಎತ್ತರದ ದಂಡೆಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಶೆಟ್ಟಿಹಳ್ಳಿಗೂ ಹಾಗೆ ಮಾಡಬಾರದೇಕೆಂದು ಕೇಳುವವರಿದ್ದಾರೆ. ಉತ್ತರವು ವಾಸ್ತುವಿನಲ್ಲಿಯೇ ಇದೆ. ಕಲ್ಲಿನ ಗುಡಿಯಲ್ಲಿ ಕಂಬ, ತೊಲೆ, ಚಪ್ಪಡಿಗಳು ಬೇರೆಬೇರೆ. ಒಂದರ ಮೇಲೊಂದು ಕೂತಿರುವ ಅವುಗಳನ್ನು ಎತ್ತಿ ಬೇರೆಡೆ ಕೂರಿಸಬಹುದು. ಇಟ್ಟಿಗೆ-ಗಾರೆಯ ಗೋಡೆಯು ಒಂದೇ ಮೈ. ಅದನ್ನು ಬಿಚ್ಚುವುದೆಂದರೆ ಒಡೆಯುವುದು. ಮತ್ತೆ ಕಟ್ಟಿದರೆ ಅದು ಹೊಸ ಕಟ್ಟಡವೇ ಹೊರತು ಇದಲ್ಲ.

೬. ನೀರು ಮಾಡುವ ಕೆಲಸ

ನೀರಿನ ಒತ್ತಡದಿಂದ ಗೋಡೆಗಳು ಬೀಳುತ್ತಿವೆಯೆಂದು ಸಾಮಾನ್ಯವಾಗಿ ಹೇಳುವರು. ಇದು ಪೂರ್ತಿ ಸರಿಯಲ್ಲ. ಬಾಗಿಲು ಕಿಟಕಿಗಳೆಲ್ಲ ತೆರೆದಿರುವುದರಿಂದ ನೀರು ಒಳಗೂ ಹೊರಗೂ ಒಂದೇ ಮಟ್ಟದಲ್ಲಿ ಏರುವುದು. ಎರಡು ಕಡೆಯ ಒತ್ತಡಗಳು ಒಂದನ್ನೊಂದು ಸರಿದೂಗಿಸುವುವು. ನಿಂತ ನೀರು ಅಷ್ಟು ದೊಡ್ಡ ಶತ್ರುವಲ್ಲ. ನಿಜವಾದ ಹಾನಿಯು ಅದರ ಏರಿಳಿತದಲ್ಲಿದೆ.

ಪ್ರತಿವರ್ಷವೂ ಗೋಡೆಯು ತಿಂಗಳುಗಟ್ಟಲೆ ನೆನೆಯುವುದು, ಮತ್ತೆ ತಿಂಗಳುಗಟ್ಟಲೆ ಬಿಸಿಲಿನಲ್ಲಿ ಒಣಗುವುದು. ನೆನೆದಾಗ ಒಳಹೊಕ್ಕ ಲವಣಗಳು ಒಣಗುವಾಗ ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಒಳಗಿನಿಂದ ಸಿಡಿಸುವುವು. ಮಳೆಯ ನೀರಿನಲ್ಲಿ ಕರಗಿರುವ ಇಂಗಾಲಾಮ್ಲವು ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿ ಒಯ್ಯುವುದು. ನೀರಿನ ಮೇಲ್ಮಟ್ಟದಲ್ಲಿ ಗಾಳಿಗೆ ಎದ್ದ ಅಲೆಗಳು ಗೋಡೆಯನ್ನು ಹಗಲಿರುಳು ಬಡಿಯುವುವು. ಅಡಿಯ ಮಣ್ಣು ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿ ತಳಪಾಯವನ್ನು ಅಲುಗಿಸುವುದು. ಮೇಲ್ಗಡೆ ಹಕ್ಕಿಗಳು ತಂದ ಬೀಜದಿಂದ ಹುಟ್ಟಿದ ಅರಳಿ, ಆಲದ ಸಸಿಗಳ ಬೇರು ಸಂದುಗಳಲ್ಲಿ ಇಳಿಯುವುದು.

ಇವೆಲ್ಲಕ್ಕೂ ಮಿಗಿಲಾದುದು ಛಾವಣಿಯ ನಷ್ಟ. ಛಾವಣಿಯು ಮಳೆಯನ್ನು ತಡೆಯುವುದಲ್ಲದೆ ಎದುರುಬದುರಿನ ಎತ್ತರದ ಗೋಡೆಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿತ್ತು. ಅದು ಹೋದ ಮೇಲೆ ಒಂದೊಂದು ಗೋಡೆಯೂ ಒಂಟಿಯಾಗಿ ಗಾಳಿಗೆ ಮೈಯೊಡ್ಡಿ ನಿಂತಿದೆ. ಇತ್ತೀಚಿನ ವರ್ಷಗಳಲ್ಲಿ ಗೋಡೆಯ ಭಾಗಗಳು ಕುಸಿದಿವೆ. ಮೊದಲ ಸಾರಿ ನೋಡಿದ ಕಮಾನೊಂದನ್ನು ಮರುವರ್ಷ ಹುಡುಕಿದಾಗ ಅದರ ಸ್ಥಳದಲ್ಲಿ ಇಟ್ಟಿಗೆಯ ರಾಶಿಯಿತ್ತು. ಇದಕ್ಕೆ ನೀರನ್ನು ಮಾತ್ರ ದೂಷಿಸಲಾಗದು. ಗೋಡೆಯ ಮೇಲೆ ಹೆಸರುಗಳನ್ನು ಕೆತ್ತುವವರೂ, ಕಮಾನಿನ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳುವವರೂ ತಮ್ಮ ಪಾಲನ್ನು ಸಲ್ಲಿಸುತ್ತಿದ್ದಾರೆ.

೭. ಮಾಡಬೇಕಾದುದು

ಜಲಾಶಯವು ಇರುವಷ್ಟು ಕಾಲ ಈ ಕಟ್ಟಡವನ್ನು ಪೂರ್ತಿಯಾಗಿ ಉಳಿಸುವುದು ಕಷ್ಟಸಾಧ್ಯವೆಂದು ಒಪ್ಪಬೇಕಾಗಿದೆ. ಗಿಡಗಳನ್ನು ಕೀಳಿಸುವುದು, ಸಡಿಲವಾದ ಭಾಗಗಳನ್ನು ಸುಣ್ಣದ ಗಾರೆಯಿಂದಲೇ ಬಿಗಿಸುವುದು, ಗೋಡೆಯ ತಲೆಗೆ ಮಳೆನೀರು ಇಳಿಯದಂತೆ ಗಾರೆ ಹೊದಿಸುವುದು ಮುಂತಾದ ಸಣ್ಣ ಕೆಲಸಗಳಿಂದ ಅದರ ಆಯುಸ್ಸನ್ನು ಕೆಲವು ಕಾಲ ಬೆಳೆಸಬಹುದು. ಸಿಮೆಂಟಿನ ತೇಪೆಯನ್ನು ಮಾತ್ರ ಹಾಕಲಾಗದು. ಹಳೆಯ ಗಾರೆಗಿಂತ ಬಿರುಸಾದ ಸಿಮೆಂಟು ತೇವವನ್ನು ಒಳಗೇ ತಡೆದು, ಪಕ್ಕದ ಮೆತ್ತನೆಯ ಇಟ್ಟಿಗೆಯನ್ನೇ ಒಡೆಯುವುದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸ ನಮ್ಮಂಥವರ ಕೈಗೆ ಎಟಕುವುದು. ವ್ಯಾಪಾರವನ್ನು ಮುಚ್ಚುವ ಮುನ್ನ ದಾಸ್ತಾನಿನ ಪಟ್ಟಿ ಮಾಡುವುದು ಕ್ರಮ. ಈ ದೇವಾಲಯದ ಸಾವಿರಾರು ಚಿತ್ರಗಳು ಜನರ ಬಳಿ ಇವೆ. ಆದರೆ ಚಿತ್ರದಿಂದ ಸೊಬಗು ತಿಳಿಯುವುದೇ ಹೊರತು ಗೋಡೆಯ ದಪ್ಪ, ಕಮಾನಿನ ಕೇಂದ್ರ, ಇಟ್ಟಿಗೆಯ ಅಳತೆ, ಗಾರೆಯ ಮಿಶ್ರಣ ತಿಳಿಯವು. ಬೇಸಿಗೆಯ ಕೆಲವು ತಿಂಗಳು ನೆಲವು ಒಣಗಿರುವಾಗ ಅಳತೆಗೋಲನ್ನು ಹಿಡಿದು ತಳವಿನ್ಯಾಸವನ್ನೂ ಗೋಡೆಗಳ ಎತ್ತರದ ನಕ್ಷೆಯನ್ನೂ ಮಾಡಬಹುದು. ಅನೇಕ ಕೋನಗಳಿಂದ ತೆಗೆದ ಛಾಯಾಚಿತ್ರಗಳನ್ನು ಗಣಕಯಂತ್ರದಿಂದ ಹೊಂದಿಸಿ ಮೂರು ಆಯಾಮದ ಮಾದರಿಯನ್ನು ರಚಿಸುವ ವಿಧಾನವು ಇಂದು ಸುಲಭವಾಗಿದೆ. ಉದುರಿದ ಗಾರೆಯ ತುಣುಕನ್ನು ರಸಾಯನಶಾಲೆಯಲ್ಲಿ ಪರೀಕ್ಷಿಸಿದರೆ ಬೆಲ್ಲ ಮೊಟ್ಟೆಗಳ ಮಾತಿಗೂ ನಿರ್ಣಯ ದೊರೆಯುವುದು. ನಗರಗಳ ಕನ್ನಡ ಸಂಘಗಳಲ್ಲಿ ವಾಸ್ತುವಿದ್ಯೆ ಓದುವ ತರುಣರಿಗೆ ಕೊರತೆಯಿಲ್ಲ. ಊರಿಗೆ ರಜೆಯಲ್ಲಿ ಹೋದಾಗ ಒಂದು ವಾರವನ್ನು ಇದಕ್ಕೆ ಮೀಸಲಿಟ್ಟರೆ ಸಾಕು.

ಇದರೊಂದಿಗೆ ಆ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದವರ, ಮದುವೆಯಾದವರ ನೆನಪುಗಳನ್ನು ಅವರ ಮಾತಿನಲ್ಲಿಯೇ ಬರೆದಿಡಬೇಕು. ಬಲಿಪೀಠದ ಬಣ್ಣ ಯಾವುದಿತ್ತು, ಗಂಟೆಯ ಧ್ವನಿ ಎಲ್ಲಿಯವರೆಗೆ ಕೇಳುತ್ತಿತ್ತು, ಹಬ್ಬದ ಮೆರವಣಿಗೆ ಯಾವ ದಾರಿಯಲ್ಲಿ ಹೋಗುತ್ತಿತ್ತು ಎಂಬುದನ್ನು ಯಾವ ಅಳತೆಗೋಲೂ ಹೇಳಲಾರದು. ಹೇಳಬಲ್ಲವರಿಗೆ ಈಗ ವಯಸ್ಸಾಗಿದೆ. ಗೋಡೆಗಳಿಗಿಂತ ಮುಂಚೆ ಅವರೇ ಹೋಗಬಹುದು.

೧೬ನೆಯ ಶತಮಾನದ ಟ್ರೆಂಟ್ ಧರ್ಮಸಭೆಯ ಕಾಲದಿಂದ ಕಥೋಲಿಕ ಗುರುಗಳು ಜ್ಞಾನಸ್ನಾನ ಮದುವೆಗಳ ಪುಸ್ತಕವನ್ನು ತಪ್ಪದೆ ಇಟ್ಟುಕೊಂಡು ಬಂದಿದ್ದಾರೆ. ಮೊದಲಲ್ಲಿ ಹೇಳಿದ ವೃದ್ಧರ ಕೈಯಲ್ಲಿದ್ದ ಪತ್ರವು ಆ ಕಟ್ಟಳೆಯ ಫಲ. ಊರು ಮುಳುಗಿದರೂ, ಛಾವಣಿ ಬಿದ್ದರೂ, ಅವರು ಇಂಥ ದಿನ ಇಂಥವರ ಮಗನಾಗಿ ಹುಟ್ಟಿದರೆಂಬುದಕ್ಕೆ ರುಜುವಾತು ಉಳಿಯಿತು. ಅದನ್ನು ನೋಡಿ ಈ ಲೇಖಕನು ರುಜು ಹಾಕಿದನು. ದೇವಾಲಯಕ್ಕೂ ಅಂಥದೊಂದು ಪತ್ರವನ್ನು ಬರೆದಿಡಬೇಕೆಂಬುದಷ್ಟೇ ಇಲ್ಲಿಯ ವಿಜ್ಞಾಪನೆ.